ಬಾಹ್ಯಾಕಾಶ ಪಡೆ ಅಂದರೇನು, ಅಲ್ಲಿ ಯಾರ್ಯಾರು ಕೆಲಸ ಮಾಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಿಗೆ ಹೋಗಿ ಉಪಗ್ರಹಗಳ ಬಗ್ಗೆ ಮಾತಾಡುವುದು ನನಗೆ ಬಹಳ ಇಷ್ಟದ ಕೆಲಸ. ಮಕ್ಕಳು ಮೊದಲು ಚಂದ್ರಯಾನದ ಬಗ್ಗೆ ಕೇಳುತ್ತಾರೆ, ಆಮೇಲೆ ಗಗನಯಾನ. ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತದೆ. "ಸರ್, ಮೇಲೆ ನಮ್ಮ ಮಿಲಿಟರಿಯವರೂ ಇದ್ದಾರಾ?" ಊಟದ ಹೊತ್ತಿಗೆ ಮೇಷ್ಟ್ರುಗಳೂ ಅದನ್ನೇ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಭಾರತದ ವಿಷಯ ಜಾಸ್ತಿ ಇದೆ, ಏಕೆಂದರೆ ಈ ಕೆಲಸದ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ಅದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಬಾಹ್ಯಾಕಾಶ ಪಡೆಯವರು ಬಾಹ್ಯಾಕಾಶದಲ್ಲೇ ಇರ್ತಾರಾ?

ಇಲ್ಲ. ಅವರು ಇರುವುದು ನೆಲದ ಮೇಲೆ. ಹೆಚ್ಚುಕಡಿಮೆ ಎಲ್ಲರೂ ಕೋಣೆಯೊಳಗೆ, ಕಂಪ್ಯೂಟರ್ ಮುಂದೆ, ಪಾಳಿಯಲ್ಲಿ ಕೂತು ಕೆಲಸ ಮಾಡುವವರು. ಮೇಲಿರುವುದು ಅವರ ಉಪಗ್ರಹಗಳು.

ಅಮೆರಿಕದ ಸ್ಪೇಸ್ ಫೋರ್ಸ್‌ನಲ್ಲಿ ಬೆರಳೆಣಿಕೆಯ ಗಗನಯಾತ್ರಿಗಳಿದ್ದಾರೆ. ಮೈಕ್ ಹಾಪ್ಕಿನ್ಸ್ ಅನ್ನುವವರು ವಾಯುಪಡೆಯ ಕರ್ನಲ್ ಆಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. 2020ರ ಡಿಸೆಂಬರ್‌ನಲ್ಲಿ ಅಲ್ಲಿದ್ದಾಗಲೇ ಪ್ರಮಾಣ ಮಾಡಿ ಸ್ಪೇಸ್ ಫೋರ್ಸ್ ಸೇರಿದರು. 2024ರ ಸೆಪ್ಟೆಂಬರ್‌ನಲ್ಲಿ ನಿಕ್ ಹೇಗ್ ಸ್ಪೇಸ್ ಫೋರ್ಸ್‌ನವರಾಗಿಯೇ ರಾಕೆಟ್ ಹತ್ತಿದರು. ಆದರೆ ಅಲ್ಲಿ ಇಬ್ಬರೂ ಮಾಡಿದ್ದು ನಾಸಾದ ಕೆಲಸ, ಸೇನೆಯ ಕೆಲಸ ಅಲ್ಲ.

ಹಾಗಾದರೆ ದಿನವಿಡೀ ಏನು ಮಾಡ್ತಾರೆ?

ಒಂದು ಪಾಳಿಯನ್ನು ಹತ್ತಿರದಿಂದ ನೋಡೋಣ. ಭೂಮಿಯ ಫೋಟೋ ತೆಗೆಯುವ ಉಪಗ್ರಹ 500-600 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತದೆ. ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ. ಆದರೆ ನಮ್ಮ ಆಂಟೆನಾಗೆ ಅದು ಕಾಣುವುದು ಒಂದು ಸಲಕ್ಕೆ ಹತ್ತು ನಿಮಿಷದ ಆಸುಪಾಸು ಮಾತ್ರ. ಇದಕ್ಕೆ 'ಪಾಸ್' ಅನ್ನುತ್ತಾರೆ. ಉಪಗ್ರಹ ದಿಗಂತದಿಂದ ಮೇಲೆ ಬರುವ ಮೊದಲೇ ಆಂಟೆನಾ ಆ ಕಡೆ ಮುಖ ಮಾಡಿ ಕಾಯುತ್ತಿರುತ್ತದೆ. ಸಿಗ್ನಲ್ ಸಿಕ್ಕ ಕೂಡಲೇ ಪರದೆಯ ಮೇಲೆ ಅಂಕಿಗಳು ಓಡತೊಡಗುತ್ತವೆ. ಬ್ಯಾಟರಿ ಎಷ್ಟಿದೆ, ಬಿಸಿ ಎಷ್ಟಿದೆ, ಇಂಧನ ಎಷ್ಟು ಉಳಿದಿದೆ, ಮುಖ ಸರಿಯಾದ ಕಡೆಗಿದೆಯಾ? ಒಬ್ಬರು ಆರೋಗ್ಯ ನೋಡುತ್ತಾರೆ. ಇನ್ನೊಬ್ಬರು ಮುಂದಿನ ಸುತ್ತಿನಲ್ಲಿ ಯಾವ ಜಾಗದ ಫೋಟೋ ಬೇಕು ಅನ್ನುವ ಕಮಾಂಡ್ ಕಳಿಸುತ್ತಾರೆ. ಮತ್ತೊಬ್ಬರು ಕಳೆದ ಸುತ್ತಿನ ಫೋಟೋಗಳನ್ನು ಇಳಿಸಿಕೊಳ್ಳುತ್ತಾರೆ. ಆಂಟೆನಾ ನಿಧಾನಕ್ಕೆ ತಲೆ ತಿರುಗಿಸುತ್ತಾ ಉಪಗ್ರಹವನ್ನು ಹಿಂಬಾಲಿಸುತ್ತದೆ. ಆಚೆ ದಿಗಂತಕ್ಕೆ ಇಳಿಯುತ್ತಿದ್ದಂತೆ ಸಿಗ್ನಲ್ ಕಡಿದುಹೋಗುತ್ತದೆ. ಹತ್ತು ನಿಮಿಷದಲ್ಲಿ ಏನಾದರೂ ಬಿಟ್ಟುಹೋದರೆ ಮುಂದಿನ ಪಾಸ್‌ಗೆ ಕಾಯಬೇಕು.

ಇದು ಒಂದು ಉಪಗ್ರಹದ ಕಥೆ. ಇಂಥ ಡಜನ್‌ಗಟ್ಟಲೆ ಉಪಗ್ರಹ ಇರುವ ದೇಶದಲ್ಲಿ ಆ ಕೋಣೆಗೆ ರಾತ್ರಿ ಅನ್ನುವುದೇ ಇಲ್ಲ.

ಎರಡನೇ ದೊಡ್ಡ ಕೆಲಸ ಕಾವಲು. ಮೇಲೆ ಏನೇನು ಸುತ್ತುತ್ತಿದೆ, ಯಾವುದು ಯಾರದ್ದು, ಯಾವುದು ಇದ್ದಕ್ಕಿದ್ದಂತೆ ದಾರಿ ಬದಲಿಸಿತು, ಯಾವುದು ನಮ್ಮದರ ಹತ್ತಿರ ಬರುತ್ತಿದೆ ಅಂತ ರೇಡಾರ್ ಮತ್ತು ದೂರದರ್ಶಕದಿಂದ ನೋಡುತ್ತಲೇ ಇರಬೇಕು.

ಮೂರನೆಯದು ಎಚ್ಚರಿಕೆ. ಕ್ಷಿಪಣಿ ಹಾರಿದಾಗ ಅದರ ಬೆಂಕಿಯ ಶಾಖವನ್ನು ಮೇಲಿನಿಂದ ಗುರುತಿಸುವ ಉಪಗ್ರಹಗಳಿವೆ. 2020ರ ಜನವರಿ 8ರಂದು ಇರಾಕ್‌ನ ಅಲ್ ಅಸದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಅಮೆರಿಕದ ಕೊಲೊರಾಡೊದಲ್ಲಿ ಕೂತಿದ್ದ ತಂಡ ಆ ಶಾಖ ಕಂಡ ಕೂಡಲೇ ಸುದ್ದಿ ಮುಟ್ಟಿಸಿತು. ನೆಲೆಯಲ್ಲಿದ್ದವರು ಅಡಗುವ ಜಾಗ ಸೇರಿಕೊಂಡರು. ನೂರಕ್ಕೂ ಹೆಚ್ಚು ಮಂದಿಗೆ ಸ್ಫೋಟದ ಅಲೆಯಿಂದ ಮಿದುಳಿಗೆ ಪೆಟ್ಟಾಯಿತು, ಆದರೆ ಒಬ್ಬರೂ ಸಾಯಲಿಲ್ಲ. ಈ ಕೆಲಸದ ಬೆಲೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಇದರ ಜೊತೆಗೆ ಸಂಪರ್ಕ, ದಾರಿ ತೋರಿಸುವುದು, ಹವಾಮಾನ, ರಾಕೆಟ್ ಉಡಾವಣೆ, ಶತ್ರು ಸಿಗ್ನಲ್ ಕೆಡಿಸದಂತೆ ನೋಡಿಕೊಳ್ಳುವುದು, ಬೇಕಾದರೆ ಶತ್ರುವಿನ ಸಿಗ್ನಲ್ ಕೆಡಿಸುವುದು ಎಲ್ಲ ಇವೆ.

ನನ್ನ ಮೊಬೈಲ್‌ನ ಮ್ಯಾಪ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ನೇರ ಸಂಬಂಧ. ಜಿಪಿಎಸ್ ಅಮೆರಿಕದ ಮಿಲಿಟರಿಯ ಸ್ವತ್ತು. ಕೊಲೊರಾಡೊದ ಶ್ರೀವರ್ ನೆಲೆಯಲ್ಲಿ ಸ್ಪೇಸ್ ಫೋರ್ಸ್‌ನ ಒಂದು ಸಣ್ಣ ತಂಡ ಅದನ್ನು ನಡೆಸುತ್ತದೆ. ನೀವು ಹುಬ್ಬಳ್ಳಿಯಲ್ಲಿ ಆಟೋ ಬುಕ್ ಮಾಡಿದಾಗ ಆ ನೀಲಿ ಚುಕ್ಕೆ ಸರಿಯಾದ ಓಣಿಯಲ್ಲಿ ನಿಲ್ಲುವುದರಲ್ಲಿ ಅವರ ಪಾಲೂ ಇದೆ.

ಆ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವು ಕಳಿಸುವುದು ಮುಖ್ಯವಾಗಿ ಸಮಯ. "ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ" ಅಂತ ಹೇಳುತ್ತಲೇ ಇರುತ್ತವೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡರೆ ನಿಮ್ಮ ಫೋನ್ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕಿಬಿಡುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೇ ದಿನಾ ಆ ಗಡಿಯಾರಗಳನ್ನು ಸರಿಪಡಿಸುತ್ತಿರಬೇಕು.

ಇದು ಮೊದಲು ಸೈನಿಕರಿಗಷ್ಟೇ ಅಂತ ಶುರುವಾದದ್ದು. 1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯಾದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಅದನ್ನು ಹೊಡೆದುರುಳಿಸಿದರು. 269 ಜನ ಸತ್ತರು. ಆಮೇಲೆ ಅಧ್ಯಕ್ಷ ರೇಗನ್ ಜಿಪಿಎಸ್ ನಾಗರಿಕರಿಗೂ ಸಿಗುತ್ತದೆ ಅಂತ ಮಾತು ಕೊಟ್ಟರು. ಆದರೂ ನಾಗರಿಕರ ಸಿಗ್ನಲ್ಲನ್ನು ಬೇಕಂತಲೇ ಸ್ವಲ್ಪ ಕೆಡಿಸಿ ಕೊಡುತ್ತಿದ್ದರು. ಅದು ನಿಂತದ್ದು 2000ದ ಮೇ ತಿಂಗಳಲ್ಲಿ.

ಬೇರೆ ದೇಶದ ಸೇನೆಯ ಕೈಯಲ್ಲಿರುವ ಗಡಿಯಾರವನ್ನು ನಂಬಿ ನಮ್ಮ ಸೇನೆ ಯುದ್ಧಕ್ಕೆ ಹೋಗಲಾಗುತ್ತದಾ? ಈ ಪ್ರಶ್ನೆಯ ಹಿಂದೆಯೇ ಜಿಪಿಎಸ್ ಥರ ದಾರಿ ತೋರಿಸುವ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಬಂತು. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಭಾರತ ಮತ್ತು ಗಡಿಯಾಚೆ ಸುಮಾರು 1,500 ಕಿ.ಮೀ. ತನಕ ಇದರ ವ್ಯಾಪ್ತಿ. ಇದರ ಮುಖ್ಯ ನೆಲ ಕೇಂದ್ರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ. ಇದರ ದಾರಿ ಸಲೀಸಾಗಿರಲಿಲ್ಲ ಅಂತಲೂ ಹೇಳಬೇಕು. ಹಳೆಯ ಉಪಗ್ರಹಗಳಲ್ಲಿ ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಕೈಕೊಟ್ಟವು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಇಟ್ಟರು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತಾನು ಸೇರಬೇಕಾದ ಕಕ್ಷೆ ಸೇರಲಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಚಂದ್ರಯಾನಕ್ಕೆ ಚಪ್ಪಾಳೆ ಹೊಡೆದ ನಾವು ನಾವಿಕ್ ಬಗ್ಗೆಯೂ ಅಷ್ಟೇ ಕಾಳಜಿಯಿಂದ ಕೇಳಬೇಕು.

ಅಮೆರಿಕದ ಸ್ಪೇಸ್ ಫೋರ್ಸ್ ಪ್ರತ್ಯೇಕ ಪಡೆಯಾ?

ಹೌದು. 2019ರ ಡಿಸೆಂಬರ್ 20ರಂದು ಹುಟ್ಟಿತು. ಭೂಸೇನೆ, ನೌಕಾಪಡೆ, ವಾಯುಪಡೆಗಳ ಹಾಗೆ ಅದೂ ಒಂದು ಪಡೆ. ಆದರೆ ಆಡಳಿತ ವಾಯುಪಡೆಯ ಇಲಾಖೆಯ ಕೆಳಗೇ ಇದೆ. ಅಲ್ಲಿನ ಮರೀನ್ ಪಡೆ ನೌಕಾಪಡೆಯ ಇಲಾಖೆಯ ಕೆಳಗೆ ಇರುವ ಹಾಗೆ. ಸಮವಸ್ತ್ರದವರು ಸುಮಾರು ಹತ್ತು ಸಾವಿರ ಮಂದಿ ಅಷ್ಟೇ, ಅಮೆರಿಕದ ಸೇನೆಯಲ್ಲೇ ಅತಿ ಚಿಕ್ಕ ಪಡೆ. ಅವರನ್ನು 'ಗಾರ್ಡಿಯನ್' ಅಂತ ಕರೆಯುತ್ತಾರೆ. ವೈದ್ಯರು, ನೆಲೆಯ ಕಾವಲಿನವರು ಇವರಿಗೆ ಪ್ರತ್ಯೇಕ ಇಲ್ಲ. ಅದನ್ನೆಲ್ಲ ವಾಯುಪಡೆ ನೋಡಿಕೊಳ್ಳುತ್ತದೆ.

ಸ್ಪೇಸ್ ಫೋರ್ಸ್, ಸ್ಪೇಸ್ ಕಮಾಂಡ್ ಎರಡೂ ಒಂದೇನಾ?

ಅಲ್ಲ. ಕ್ರಿಕೆಟ್ ನೆನಪಿಸಿಕೊಂಡರೆ ಸುಲಭ. ಕರ್ನಾಟಕ, ಮುಂಬೈ, ತಮಿಳುನಾಡು ರಣಜಿ ತಂಡಗಳು ಆಟಗಾರರನ್ನು ತಯಾರು ಮಾಡುತ್ತವೆ. ಟೆಸ್ಟ್ ಪಂದ್ಯ ಆಡುವುದು ಭಾರತ ತಂಡ. ಹಾಗೆಯೇ ಸ್ಪೇಸ್ ಫೋರ್ಸ್ ಜನರನ್ನು ತರಬೇತು ಮಾಡಿ ಸಲಕರಣೆ ಕೊಡುತ್ತದೆ. ಸ್ಪೇಸ್ ಕಮಾಂಡ್ ಅನ್ನುವುದು ಎಲ್ಲ ಪಡೆಗಳಿಂದ ಬಂದವರನ್ನು ಸೇರಿಸಿಕೊಂಡು ಕಾರ್ಯಾಚರಣೆ ನಡೆಸುತ್ತದೆ. ಇದು 1985ರಲ್ಲಿ ಶುರುವಾಗಿ 2002ರಲ್ಲಿ ಮುಚ್ಚಿತ್ತು. 2019ರ ಆಗಸ್ಟ್‌ನಲ್ಲಿ ಮತ್ತೆ ತೆರೆದರು.

ಹಾಗಾದರೆ ಅಲ್ಲಿ ಭೂಸೇನೆಗೂ ನೌಕಾಪಡೆಗೂ ಏನು ಕೆಲಸ?

ಬೇಕಾದಷ್ಟಿದೆ. ಭೂಸೇನೆಗೆ ತನ್ನದೇ ಬಾಹ್ಯಾಕಾಶ ಬ್ರಿಗೇಡ್ ಇದೆ. ಯುದ್ಧಭೂಮಿಯಲ್ಲಿರುವ ಸೈನಿಕರಿಗೆ ಉಪಗ್ರಹದ ನೆರವು ಸಿಗುವಂತೆ ಮಾಡುವುದು ಅದರ ಹೊಣೆ. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಬಾಹ್ಯಾಕಾಶ ಮತ್ತು ಕ್ಷಿಪಣಿ ರಕ್ಷಣೆಗೆಂದೇ ಭೂಸೇನೆಯ ಒಂದು ಕಮಾಂಡ್ ಇದೆ. ನೌಕಾಪಡೆ ತನ್ನ ಸಂಪರ್ಕ ಉಪಗ್ರಹಗಳ ನಿರ್ವಹಣೆಯನ್ನು ಸ್ಪೇಸ್ ಫೋರ್ಸ್‌ಗೆ ಒಪ್ಪಿಸಿತು. ಆದರೆ 2008ರ ಫೆಬ್ರುವರಿಯಲ್ಲಿ ಕೆಟ್ಟುಹೋಗಿ ಬೀಳುತ್ತಿದ್ದ ಬೇಹುಗಾರಿಕೆ ಉಪಗ್ರಹವೊಂದನ್ನು ಹೊಡೆದದ್ದು ನೌಕಾಪಡೆಯ ಹಡಗು. ಯುಎಸ್‌ಎಸ್ ಲೇಕ್ ಈರಿ ಅದರ ಹೆಸರು. ಮರೀನ್ ಪಡೆಗೂ 2020ರಿಂದ ಬಾಹ್ಯಾಕಾಶ ವಿಭಾಗ ಇದೆ.

ಬೇಹುಗಾರಿಕೆ ಉಪಗ್ರಹಗಳನ್ನು ನಡೆಸುವ ಎನ್‌ಆರ್‌ಒ ಬೇರೆಯೇ ಸಂಸ್ಥೆ. 1961ರಲ್ಲಿ ಹುಟ್ಟಿದರೂ ಅದು ಇದೆ ಅಂತ ಸರ್ಕಾರ ಒಪ್ಪಿಕೊಂಡದ್ದು 1992ರಲ್ಲಿ!

ಸರಿ, ಭಾರತಕ್ಕೆ ಬಾಹ್ಯಾಕಾಶ ಪಡೆ ಇದೆಯಾ?

ಪ್ರತ್ಯೇಕ ಪಡೆ ಇಲ್ಲ. ಆದರೆ ಮೂರೂ ಪಡೆಗಳು ಸೇರಿ ನಡೆಸುವ ಒಂದು ಸಂಸ್ಥೆ ಇದೆ. ಡಿಫೆನ್ಸ್ ಸ್ಪೇಸ್ ಏಜೆನ್ಸಿ. ಚಿಕ್ಕದಾಗಿ ಡಿಎಸ್‌ಎ. ಇದರ ಕೇಂದ್ರ ಬೆಂಗಳೂರು. ಶುರುವಾದದ್ದು 2019ರಲ್ಲಿ.

ಇದು ದಿಲ್ಲಿಯ ಸಮಗ್ರ ರಕ್ಷಣಾ ಸಿಬ್ಬಂದಿ ಕೇಂದ್ರ ಕಚೇರಿಯ ಕೆಳಗೆ ಬರುತ್ತದೆ. ಅಂದರೆ ಮೂರೂ ಪಡೆಗಳನ್ನು ಒಟ್ಟಿಗೆ ಹಿಡಿದಿಡುವ ಕಚೇರಿ. ಮೊದಲು ಅಲ್ಲೊಂದು ಚಿಕ್ಕ ಬಾಹ್ಯಾಕಾಶ ವಿಭಾಗ ಇತ್ತು. ದಿಲ್ಲಿಯಲ್ಲಿ ಉಪಗ್ರಹದ ಚಿತ್ರಗಳನ್ನು ಓದುವ ಕೇಂದ್ರ ಬೇರೆ, ಭೋಪಾಲದಲ್ಲಿ ರಕ್ಷಣಾ ಉಪಗ್ರಹಗಳ ನಿಯಂತ್ರಣ ಕೇಂದ್ರ ಬೇರೆ ಇದ್ದವು. ಇವನ್ನೆಲ್ಲ ಡಿಎಸ್‌ಎ ಒಂದೇ ಸೂರಿನಡಿ ತಂದಿತು. ಮೊದಲ ಮುಖ್ಯಸ್ಥರಾಗಿ ವಾಯುಪಡೆಯ ಏರ್ ವೈಸ್ ಮಾರ್ಷಲ್ ಎಸ್. ಪಿ. ಧಾರ್ಕರ್ ಬಂದರು. ಭೂಸೇನೆ, ನೌಕಾಪಡೆಯ ಅಧಿಕಾರಿಗಳೂ ಪಕ್ಕಪಕ್ಕದಲ್ಲೇ ಕೆಲಸ ಮಾಡುತ್ತಾರೆ. ಇದಕ್ಕೆ ಬೇಕಾದ ಉಪಕರಣಗಳ ಸಂಶೋಧನೆಗೆ ಬೇರೊಂದು ಸಂಸ್ಥೆಗೂ ಅದೇ ವರ್ಷ ಒಪ್ಪಿಗೆ ಸಿಕ್ಕಿತು.

2019ರ ಜುಲೈನಲ್ಲಿ ಬಾಹ್ಯಾಕಾಶ ಯುದ್ಧದ ಮೊದಲ ಕಾಲ್ಪನಿಕ ಕಸರತ್ತು ನಡೆಯಿತು. 2024ರ ನವೆಂಬರ್ 11ರಿಂದ 13ರವರೆಗೆ 'ಅಂತರಿಕ್ಷ ಅಭ್ಯಾಸ' ಅನ್ನುವ ಹೆಸರಿನಲ್ಲಿ ಡಿಎಸ್‌ಎ ಇನ್ನೊಂದನ್ನು ನಡೆಸಿತು. ಇದರಲ್ಲಿ ಗುಂಡು ಹಾರುವುದಿಲ್ಲ. ನಾಳೆ ಬೆಳಿಗ್ಗೆ ಸಂಪರ್ಕ ಉಪಗ್ರಹ ಸುಮ್ಮನಾದರೆ ಗಡಿಯಲ್ಲಿರುವ ತುಕಡಿ ಏನು ಮಾಡಬೇಕು, ಹಡಗು ಏನು ಮಾಡಬೇಕು ಅನ್ನುವ ಥರದ ಪ್ರಶ್ನೆಗಳನ್ನು ಮೇಜಿನ ಸುತ್ತ ಕೂತು ಬಿಡಿಸುವುದು.

ಪ್ರತ್ಯೇಕ ಪಡೆ ಕಟ್ಟಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಈಗಲೇ ಬೇಡ. ನಮ್ಮಲ್ಲಿ ಉಪಗ್ರಹಗಳ ಸಂಖ್ಯೆ ಕಡಿಮೆ. ಹೊಸ ಸಮವಸ್ತ್ರ, ಹೊಸ ಕಚೇರಿಗಳಿಗಿಂತ ಮೊದಲು ಉಪಗ್ರಹ ಬೇಕು. ಮೂರೂ ಪಡೆಗಳು ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವುದು ಒಳ್ಳೆಯ ಶುರು.

ಮೂರು ಪಡೆಗಳಿಗೂ ಬೇರೆ ಬೇರೆ ಉಪಗ್ರಹ ಇದೆಯಾ?

ಮೊದಲು ಸಿಕ್ಕಿದ್ದು ನೌಕಾಪಡೆಗೆ. ಅದು ನ್ಯಾಯವೇ. ಕಡಲ ನಡುವೆ ಮೊಬೈಲ್ ಟವರ್ ಇಲ್ಲ, ಕೇಬಲ್ ಇಲ್ಲ. ದಡದಿಂದ ಸಾವಿರ ಕಿ.ಮೀ. ದೂರದಲ್ಲಿರುವ ಹಡಗಿಗೆ ಮಾತಾಡಲು ಉಪಗ್ರಹಕ್ಕಿಂತ ಒಳ್ಳೆಯ ದಾರಿ ಇಲ್ಲ. 2013ರ ಆಗಸ್ಟ್ 30ರ ನಸುಕಿನಲ್ಲಿ ಫ್ರೆಂಚ್ ಗಯಾನಾದಿಂದ ಜಿಸ್ಯಾಟ್-7 ಹಾರಿತು. ಅದರ ಇನ್ನೊಂದು ಹೆಸರು ರುಕ್ಮಿಣಿ. ಬೇರೆ ಬೇರೆ ಕಡೆ ಇರುವ ಹಡಗು, ಜಲಾಂತರ್ಗಾಮಿ, ವಿಮಾನಗಳು ಒಂದೇ ಜಾಲದಲ್ಲಿ ಮಾತಾಡುವುದು ಇದರಿಂದ ಸಾಧ್ಯವಾಯಿತು. 2025ರ ನವೆಂಬರ್ 2ರಂದು ಅದರ ಜಾಗಕ್ಕೆ ಸಿಎಂಎಸ್-03 ಹೋಯಿತು. ತೂಕ ಸುಮಾರು 4,400 ಕಿಲೋ. ಈ ಸಲ ನಮ್ಮದೇ ಎಲ್‌ವಿಎಂ-3 ರಾಕೆಟ್, ನಮ್ಮದೇ ಶ್ರೀಹರಿಕೋಟ. ಅಷ್ಟು ಭಾರದ್ದನ್ನು ಅಷ್ಟು ಎತ್ತರದ ಕಕ್ಷೆಯತ್ತ ಹಾರಿಸಲು ಅಲ್ಲಿಯವರೆಗೆ ಹೊರಗಿನವರ ರಾಕೆಟ್ಟಿಗೆ ಕಾಯಬೇಕಿತ್ತು.

ವಾಯುಪಡೆಗೆ 2018ರ ಡಿಸೆಂಬರ್ 19ರಂದು ಜಿಸ್ಯಾಟ್-7ಎ ಸಿಕ್ಕಿತು. ನೆಲದ ರೇಡಾರ್‌ಗಳು, ವಾಯುನೆಲೆಗಳು, ಹಾರುತ್ತಿರುವ ವಿಮಾನಗಳನ್ನು ಬೆಸೆಯುವುದು ಅದರ ಕೆಲಸ. ಭೂಸೇನೆಗಾಗಿ ಜಿಸ್ಯಾಟ್-7ಬಿ ತಯಾರಿಸಲು 2023ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು.

ಕಣ್ಣಾಗಿ ಕೆಲಸ ಮಾಡುವ ಉಪಗ್ರಹಗಳು ಬೇರೆ. 2008ರ ಮುಂಬೈ ದಾಳಿಯ ನಂತರ 2009ರ ಏಪ್ರಿಲ್‌ನಲ್ಲಿ ರಿಸ್ಯಾಟ್-2 ಹಾರಿತು. ಇದರಲ್ಲಿದ್ದದ್ದು ರೇಡಾರ್. ಸಾಮಾನ್ಯ ಕ್ಯಾಮೆರಾಗೆ ಮೋಡ ಅಡ್ಡ ಬಂದರೆ ಏನೂ ಕಾಣುವುದಿಲ್ಲ. ರೇಡಾರ್‌ಗೆ ಮೋಡವೂ ಒಂದೇ, ರಾತ್ರಿಯೂ ಒಂದೇ. ನಮ್ಮ ಆಷಾಢದ ಆಕಾಶ ನೋಡಿದವರಿಗೆ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಕಿವಿಯಾಗಿ ಕೆಲಸ ಮಾಡುವುದು 2019ರ ಏಪ್ರಿಲ್ 1ರಂದು ಹೋದ ಎಮಿಸ್ಯಾಟ್. ಅದು ಶತ್ರುವಿನ ರೇಡಾರ್ ಅಲೆಗಳನ್ನು ಗುರುತಿಸುತ್ತದೆ.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 52 ಕಣ್ಗಾವಲು ಉಪಗ್ರಹಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 21 ಇಸ್ರೋದ ಪಾಲು, 31 ಖಾಸಗಿ ಕಂಪನಿಗಳ ಪಾಲು. ಈಗ ಒಂದೇ ಜಾಗದ ಮೇಲೆ ಮತ್ತೆ ಬರಲು ಉಪಗ್ರಹಕ್ಕೆ ಸಮಯ ಹಿಡಿಯುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಆ ಕಾಯುವಿಕೆ ಕಡಿಮೆ.

ಹಾಗಾದರೆ ಇಸ್ರೋ ಸೇನೆಯದ್ದಾ?

ಅಲ್ಲ. ಇಸ್ರೋ ನಾಗರಿಕ ಸಂಸ್ಥೆ, ಬಾಹ್ಯಾಕಾಶ ಇಲಾಖೆಯ ಕೆಳಗಿದೆ. ಸೇನೆಗೆ ಉಪಗ್ರಹ ಕಟ್ಟಿಕೊಡುತ್ತದೆ, ಹಾರಿಸಿಕೊಡುತ್ತದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದರೆ ದೊಡ್ಡ ದೊಡ್ಡ ಬಿಳಿ ಡಿಶ್‌ಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುವುದು ಕಾಣುತ್ತದೆ. ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಇದೆ. 36 ಸಾವಿರ ಕಿ.ಮೀ. ಮೇಲೆ, ನಮಗೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುವ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಟಿವಿ, ಹವಾಮಾನ, ಸಂಪರ್ಕ ಎಲ್ಲ ಅದರಲ್ಲಿ ಬರುತ್ತದೆ.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇದೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ವಾಯುಪಡೆಯವರು. 2025ರ ಜೂನ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಕೂಡ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಪೈಲಟ್‌ಗಳೇ. ಅವರ ದೇಹ ಪರೀಕ್ಷೆ, ಆಯ್ಕೆ ನಡೆದದ್ದು ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಇನ್ನು ಅವರು ಹಿಂದಿರುಗಿ ಸಮುದ್ರಕ್ಕೆ ಬಿದ್ದಾಗ ಎತ್ತಿ ತರುವವರು ನೌಕಾಪಡೆಯವರು. 2023ರ ಅಕ್ಟೋಬರ್ 21ರ ಪರೀಕ್ಷೆಯಲ್ಲಿ ಬಂಗಾಳ ಕೊಲ್ಲಿಗೆ ಇಳಿದ, ಗಗನಯಾತ್ರಿಗಳು ಕೂರುವ ಕೋಶವನ್ನು ಹುಡುಕಿ, ಕಟ್ಟಿ, ಹಡಗಿಗೆ ಏರಿಸಿದ್ದು ನೌಕಾಪಡೆಯ ಮುಳುಗುಗಾರರು. ರಾಕೆಟ್ ಹಾರುವುದನ್ನು ಎಲ್ಲರೂ ನೋಡುತ್ತಾರೆ. ಅಲೆಗಳ ನಡುವೆ ಕೋಶಕ್ಕೆ ಹಗ್ಗ ಬಿಗಿಯುವವರನ್ನೂ ಮಕ್ಕಳಿಗೆ ತೋರಿಸಿ.

ಮಿಷನ್ ಶಕ್ತಿಯಲ್ಲಿ ನಿಜವಾಗಿ ಏನಾಯಿತು?

2019ರ ಮಾರ್ಚ್ 27. ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಒಂದು ಕ್ಷಿಪಣಿ ಹಾರಿಸಿತು. ಸುಮಾರು 300 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದ್ದ ಮೈಕ್ರೋಸ್ಯಾಟ್-ಆರ್ ಅನ್ನುವ ನಮ್ಮದೇ ಉಪಗ್ರಹಕ್ಕೆ ಅದು ಡಿಕ್ಕಿ ಹೊಡೆಯಿತು. ಆ ಉಪಗ್ರಹವನ್ನು ಎರಡು ತಿಂಗಳ ಹಿಂದಷ್ಟೇ, ಜನವರಿ 24ರಂದು ಇಸ್ರೋ ಹಾರಿಸಿತ್ತು. ಕ್ಷಿಪಣಿಯಲ್ಲಿ ಸ್ಫೋಟಕ ಬೇಕಿರಲಿಲ್ಲ. ಆ ವೇಗದಲ್ಲಿ ಡಿಕ್ಕಿಯೇ ಸಾಕು. ಮೂರು ನಿಮಿಷದಲ್ಲಿ ಮುಗಿಯಿತು ಅಂತ ಪ್ರಧಾನಿ ಅಂದೇ ಟಿವಿಯಲ್ಲಿ ಹೇಳಿದರು. ಅಮೆರಿಕ, ರಷ್ಯಾ, ಚೀನಾದ ನಂತರ ಇಂಥದ್ದನ್ನು ಮಾಡಿದ ನಾಲ್ಕನೇ ದೇಶ ನಮ್ಮದು.

ಅಷ್ಟು ಕೆಳಗಿನ ಎತ್ತರ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅಲ್ಲಿ ಇನ್ನೂ ಸ್ವಲ್ಪ ಗಾಳಿ ಇರುತ್ತದೆ. ಚೂರುಗಳು ಗಾಳಿಗೆ ಸಿಕ್ಕಿ ಬೇಗ ಕೆಳಗೆ ಬಂದು ಉರಿದುಹೋಗುತ್ತವೆ. ಹೆಚ್ಚಿನವು ಕೆಲವು ತಿಂಗಳಲ್ಲಿ ಹಾಗೇ ಹೋದವು. ಕೆಲವು ಮಾತ್ರ ಡಿಕ್ಕಿಯ ರಭಸಕ್ಕೆ ಮೇಲಕ್ಕೆ ಚಿಮ್ಮಿ, ಜಾಸ್ತಿ ಕಾಲ ಉಳಿದವು.

ಚೂರು ಅಂದರೆ ಅಷ್ಟು ಭಯ ಯಾಕೆ?

ವೇಗಕ್ಕೆ. ಕೆಳಕಕ್ಷೆಯಲ್ಲಿ ಯಾವ ವಸ್ತುವಾದರೂ ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಜಾಸ್ತಿ ಓಡುತ್ತಿರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಇಪ್ಪತ್ತು ಸೆಕೆಂಡು! ಆ ವೇಗದಲ್ಲಿ ಒಂದು ಬೋಲ್ಟ್ ಬಂದು ಬಡಿದರೂ ಉಪಗ್ರಹದ ಕಥೆ ಮುಗಿಯಿತು.

ಚೀನಾ 2007ರ ಜನವರಿ 11ರಂದು ತನ್ನ ಹಳೆಯ ಹವಾಮಾನ ಉಪಗ್ರಹವನ್ನು ಒಡೆಯಿತು. ಎತ್ತರ 850 ಕಿ.ಮೀ.ಗೂ ಹೆಚ್ಚು. ರೇಡಾರ್‌ಗೆ ಕಾಣುವ ಚೂರುಗಳೇ ಮೂರು ಸಾವಿರ ದಾಟಿದವು. ಬಹಳಷ್ಟು ಇವತ್ತಿಗೂ ಅಲ್ಲೇ ಸುತ್ತುತ್ತಿವೆ. 2021ರ ನವೆಂಬರ್ 15ರಂದು ರಷ್ಯಾ ತನ್ನದೊಂದು ಸತ್ತ ಉಪಗ್ರಹ ಒಡೆದಾಗ 1,500ಕ್ಕೂ ಹೆಚ್ಚು ಚೂರುಗಳಾದವು. ಆಗ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಏಳು ಜನ ನಿಲ್ದಾಣಕ್ಕೆ ಜೋಡಿಸಿದ್ದ ನೌಕೆಗಳೊಳಗೆ ಹೋಗಿ ಕೂತರು, ಏನಾದರೂ ಆದರೆ ಹೊರಡಲು. ಅವರಲ್ಲಿ ಇಬ್ಬರು ರಷ್ಯಾದವರೇ.

ಈ ಚೂರುಗಳ ಪಟ್ಟಿ ಇಡುವುದು ಕೂಡ ಮಿಲಿಟರಿ ಕೆಲಸವೇ. ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಯಲ್ಲಿರುವ ಸ್ಪೇಸ್ ಫೋರ್ಸ್ ತುಕಡಿ ಹತ್ತಾರು ಸಾವಿರ ವಸ್ತುಗಳ ಲೆಕ್ಕ ಇಟ್ಟಿದೆ. ಡಿಕ್ಕಿಯಾಗಬಹುದು ಅನ್ನಿಸಿದರೆ ಸ್ಪೇಸ್ ಫೋರ್ಸ್ ಬೇರೆ ದೇಶಗಳಿಗೂ ಎಚ್ಚರಿಕೆ ಕಳಿಸುತ್ತದೆ. ನಮ್ಮಲ್ಲಿ ಇಸ್ರೋ ಇದಕ್ಕೆಂದೇ ಬೆಂಗಳೂರಿನಲ್ಲಿ ಕೇಂದ್ರ ನಡೆಸುತ್ತದೆ. ಬರುವ ಎಚ್ಚರಿಕೆಗಳನ್ನು ತಾನೇ ಲೆಕ್ಕ ಹಾಕಿ ನೋಡಿ, ಬೇಕಾದರೆ ಉಪಗ್ರಹವನ್ನು ಸ್ವಲ್ಪ ಪಕ್ಕಕ್ಕೆ ಸರಿಸುತ್ತದೆ. ಸರಿಸಿದ ಪ್ರತಿ ಸಲವೂ ಇಂಧನ ಖರ್ಚು, ಉಪಗ್ರಹದ ಆಯಸ್ಸು ಅಷ್ಟು ಕಡಿಮೆ.

ಉಪಗ್ರಹ ಒಡೆಯುವ ಪರೀಕ್ಷೆ ಯಾರೂ ಮಾಡಬಾರದು ಅನ್ನುವುದು ನನ್ನ ನಿಲುವು. 2022ರ ಏಪ್ರಿಲ್‌ನಲ್ಲಿ ಅಮೆರಿಕ ಇನ್ನು ಮಾಡುವುದಿಲ್ಲ ಅಂತ ಹೇಳಿತು. ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ಈ ಬಗ್ಗೆ ನಿರ್ಣಯ ಬಂದಾಗ ಭಾರತ ಮತ ಹಾಕದೆ ದೂರ ಉಳಿಯಿತು. ನಮ್ಮ ಕಾರಣಗಳು ಏನೇ ಇರಲಿ, ಮುಂದಿನ ಸಲ ಹೌದು ಅಂತ ಕೈ ಎತ್ತಬೇಕು ಅನ್ನುವುದು ನನ್ನ ಆಸೆ. ಇವತ್ತು ಚಿಮ್ಮಿದ ಚೂರು ನಾಳೆ ನಮ್ಮ ಮಕ್ಕಳ ಉಪಗ್ರಹಕ್ಕೂ ಬಡಿಯಬಹುದು, ಅಲ್ವಾ?

ಒಡೆಯದೆ ಬೇರೆ ದಾಳಿ ಮಾಡಬಹುದಾ?

ಮಾಡಬಹುದು, ಮಾಡುತ್ತಲೂ ಇದ್ದಾರೆ. ಸಿಗ್ನಲ್ ಜಾಮ್ ಮಾಡುವುದು ಒಂದು. ಸುಳ್ಳು ಜಿಪಿಎಸ್ ಸಿಗ್ನಲ್ ಕೊಟ್ಟು ದಾರಿ ತಪ್ಪಿಸುವುದು ಇನ್ನೊಂದು. 2022ರ ಫೆಬ್ರುವರಿ 24ರಂದು ರಷ್ಯಾ ಯುಕ್ರೇನ್‌ಗೆ ನುಗ್ಗುವ ಹೊತ್ತಿಗೇ ಒಂದು ಉಪಗ್ರಹ ಇಂಟರ್‌ನೆಟ್ ಜಾಲಕ್ಕೆ ಸೈಬರ್ ದಾಳಿಯಾಯಿತು. ಉಪಗ್ರಹಕ್ಕೆ ಏನೂ ಆಗಲಿಲ್ಲ. ನೆಲದ ಮೇಲಿನ ಸಾವಿರಾರು ಮೋಡೆಮ್‌ಗಳು ಸತ್ತವು. ಎಲ್ಲೋ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಸಂಪರ್ಕವೂ ಕಡಿದುಹೋಯಿತು.

ಇದಕ್ಕೆಲ್ಲ ಕಾನೂನು ಇಲ್ವಾ?

1967ರ ಬಾಹ್ಯಾಕಾಶ ಒಪ್ಪಂದ ಇದೆ. ಭಾರತವೂ ಸಹಿ ಹಾಕಿದೆ. ಅಣುಬಾಂಬ್ ಥರದ ಸಾಮೂಹಿಕ ನಾಶದ ಅಸ್ತ್ರಗಳನ್ನು ಕಕ್ಷೆಯಲ್ಲಿ ಇಡುವಂತಿಲ್ಲ. ಚಂದ್ರನ ಮೇಲೆ ಸೇನಾ ನೆಲೆ ಕಟ್ಟುವಂತಿಲ್ಲ. ಸೇನೆಯ ಸಾಮಾನ್ಯ ಉಪಗ್ರಹಗಳಿಗೆ ಅಡ್ಡಿ ಇಲ್ಲ. ಒಪ್ಪಂದ ಯಾಕೆ ಬೇಕಾಯಿತು ಅಂತ ತಿಳಿಯಲು 1962ರ ಜುಲೈ 9 ನೋಡಿದರೆ ಸಾಕು. ಅಮೆರಿಕ 400 ಕಿ.ಮೀ. ಎತ್ತರದಲ್ಲಿ ಅಣುಬಾಂಬ್ ಸಿಡಿಸಿತು. ಸಾವಿರಕ್ಕೂ ಹೆಚ್ಚು ಕಿ.ಮೀ. ದೂರದ ಹವಾಯಿಯಲ್ಲಿ ಬೀದಿದೀಪಗಳು ಆರಿದವು. ಬ್ರಿಟನ್‌ನ ಮೊದಲ ಉಪಗ್ರಹವೂ ಅದರಿಂದ ಹಾಳಾಯಿತು.

ರಷ್ಯಾ, ಚೀನಾ, ಬೇರೆ ದೇಶಗಳು?

ರಷ್ಯಾದಲ್ಲಿ 2015ರಿಂದ ವಾಯುಪಡೆ ಮತ್ತು ಬಾಹ್ಯಾಕಾಶ ಪಡೆ ಒಂದೇ ಪಡೆಯೊಳಗಿವೆ. ಚೀನಾ 2024ರ ಏಪ್ರಿಲ್‌ನಲ್ಲಿ ಹಳೆಯ ವ್ಯವಸ್ಥೆ ಬಿಚ್ಚಿ ಬಾಹ್ಯಾಕಾಶಕ್ಕೆ ಪ್ರತ್ಯೇಕ ಪಡೆ ಮಾಡಿತು. ಫ್ರಾನ್ಸ್ 2020ರಲ್ಲಿ ತನ್ನ ವಾಯುಪಡೆಯ ಹೆಸರನ್ನೇ 'ವಾಯು ಮತ್ತು ಬಾಹ್ಯಾಕಾಶ ಪಡೆ' ಅಂತ ಬದಲಿಸಿತು. ಬ್ರಿಟನ್ 2021ರಲ್ಲಿ ಕಮಾಂಡ್ ಕಟ್ಟಿತು. ಜಪಾನ್ 2020ರಲ್ಲಿ ಒಂದು ಚಿಕ್ಕ ತುಕಡಿಯಿಂದ ಶುರು ಮಾಡಿತು.

ನಮ್ಮ ಮಗಳಿಗೆ ಇದರಲ್ಲಿ ಆಸಕ್ತಿ. ಸೇರುವುದು ಹೇಗೆ?

ಡಿಎಸ್‌ಎಗೆ ನೇರ ನೇಮಕಾತಿ ಇಲ್ಲ. ಮೊದಲು ಮೂರರಲ್ಲಿ ಒಂದು ಪಡೆಯ ಅಧಿಕಾರಿಯಾಗಬೇಕು. ಅಲ್ಲಿಂದ ಪೋಸ್ಟಿಂಗ್ ಮೇಲೆ ಹೋಗುತ್ತಾರೆ. ಪಿಯುಸಿ ಆದ ಮೇಲೆ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆಯಬಹುದು. 2022ರಿಂದ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆದಿದೆ. ವಿಜ್ಞಾನ ತೆಗೆದುಕೊಳ್ಳಲಿ, ಗಣಿತ ಬಿಡದಿರಲಿ. ಎಂಜಿನಿಯರಿಂಗ್ ಮುಗಿಸಿ ವಾಯುಪಡೆಯ ತಾಂತ್ರಿಕ ವಿಭಾಗ ಸೇರುವ ದಾರಿಯೂ ಇದೆ. ಅದಕ್ಕೆ ಅಫ್ಕ್ಯಾಟ್ ಅನ್ನುವ ಪರೀಕ್ಷೆ. ಸಮವಸ್ತ್ರ ಬೇಡ ಅನ್ನಿಸಿದರೆ ಡಿಆರ್‌ಡಿಒ, ಇಸ್ರೋ ಇವೆ. ಚಿಕ್ಕ ಮಕ್ಕಳಿದ್ದರೆ ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆ ನೋಡಿ. ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಹಿಂಜರಿಯುವ ಹಳ್ಳಿ ಮಕ್ಕಳನ್ನು ಬಹಳ ಕಂಡಿದ್ದೇನೆ. ಅದು ಆರು ತಿಂಗಳಲ್ಲಿ ಕಲಿಯುವ ಸಂಗತಿ. ಅದಕ್ಕಾಗಿ ಅರ್ಜಿ ಹಾಕದೆ ಕೂರಬೇಡಿ.

ಬರಿಗಣ್ಣಿಗೆ ಉಪಗ್ರಹ ಕಾಣುತ್ತಾ?

ಕಾಣುತ್ತೆ. ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆದ ಮೇಲೆ, ಇಲ್ಲವೇ ಬೆಳಗಾಗುವ ಒಂದು ಗಂಟೆ ಮೊದಲು ಟೆರೇಸ್ ಹತ್ತಿ. ಬೀದಿದೀಪಕ್ಕೆ ಬೆನ್ನು ಮಾಡಿ ನಿಂತು ಕಣ್ಣು ಕತ್ತಲೆಗೆ ಹೊಂದಲು ಹತ್ತು ನಿಮಿಷ ಬಿಡಿ. ನಕ್ಷತ್ರದಂಥದ್ದೇ ಒಂದು ಚುಕ್ಕೆ ಒಂದೇ ಸಮನೆ ಸರಿಯುತ್ತಾ ಹೋಗುತ್ತದೆ. ಮಿಣುಕಿದರೆ, ಕೆಂಪು ಹಸಿರು ದೀಪ ಇದ್ದರೆ ಅದು ವಿಮಾನ. ಒಂದೇ ಬೆಳಕಿನಲ್ಲಿ ಸದ್ದಿಲ್ಲದೆ ಹೋದರೆ ಉಪಗ್ರಹ. ಅದಕ್ಕೆ ತನ್ನದೇ ದೀಪ ಇಲ್ಲ. ನಮಗೆ ಮುಳುಗಿದ ಸೂರ್ಯ ಅಷ್ಟು ಎತ್ತರದಲ್ಲಿ ಅದಕ್ಕೆ ಇನ್ನೂ ಕಾಣುತ್ತಿರುತ್ತಾನೆ. ಆ ಬಿಸಿಲು ಅದರ ಮೈಮೇಲೆ ಬಿದ್ದು ನಮ್ಮ ಕಡೆ ಹೊಳೆಯುತ್ತದೆ. ಉತ್ತರದಿಂದ ದಕ್ಷಿಣಕ್ಕೋ, ದಕ್ಷಿಣದಿಂದ ಉತ್ತರಕ್ಕೋ ಹೋಗುತ್ತಿದ್ದರೆ ಅದು ಹೆಚ್ಚಾಗಿ ಭೂಮಿಯ ಫೋಟೋ ತೆಗೆಯುವ ಜಾತಿಯದ್ದು. ಯಾವ ದೇಶದ್ದು, ಸೇನೆಯದ್ದೋ ಅಲ್ಲವೋ ಅಂತ ನೋಡಿ ಹೇಳಲಾಗದು. ಕೆಲವು ಸಲ ಆಕಾಶದ ನಡುವೆಯೇ ಅದು ಮಸುಕಾಗಿ ಮಾಯವಾಗಿಬಿಡುತ್ತದೆ. ಮಕ್ಕಳು "ಎಲ್ಲಿ ಹೋಯ್ತು?" ಅಂತ ಕೂಗುತ್ತಾರೆ. ಎಲ್ಲೂ ಹೋಗಿಲ್ಲ, ಭೂಮಿಯ ನೆರಳಿನೊಳಗೆ ಹೊಕ್ಕಿದೆ ಅಷ್ಟೇ.